ಕ್ಷೀರತ್ಯಾಗವ್ರತದ ಉಪಕ್ರಮ

ಕನ್ನಡ ನಾಡಿನಲ್ಲಿ ಮಾಂಸವನ್ನು ವರ್ಜಿಸಿದವನನ್ನು ಶಾಕಾಹಾರಿಯೆಂದು ಕರೆಯುವುದು ರೂಢಿ. ಈ ರೂಢಿಯಲ್ಲಿ ಶಾಕಶಬ್ದವು ತನ್ನ ಯೌಗಿಕಾರ್ಥವನ್ನು ಮೀರಿ ಹರಡಿಕೊಂಡಿರುವುದು ಸ್ಪಷ್ಟವಾಗಿದೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಇವು ಯಾವುವೂ ನೆಲದಲ್ಲಿ ಬೆಳೆಯುವ ಪದಾರ್ಥಗಳಲ್ಲ. ಆದರೂ ಇವುಗಳನ್ನು ನಿತ್ಯವೂ ಸೇವಿಸುವವನು ಶಾಕಾಹಾರಿಯೆನಿಸಿಕೊಳ್ಳುವುದಕ್ಕೆ ಯಾವ ಬಾಧಕವೂ ಇರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಮಾಂಸವನ್ನು ಮಾತ್ರವಲ್ಲದೆ ಪ್ರಾಣಿಗಳಿಂದ ದೊರೆಯುವ ಹಾಲು ಮೊಟ್ಟೆ ಮುಂತಾದುವನ್ನೂ ಬಿಟ್ಟು ಬಾಳಬೇಕೆಂಬ ನಿಯಮವನ್ನು ಕೈಕೊಂಡ ಕೆಲವರು ಇಂಗ್ಲೆಂಡಿನಲ್ಲಿ ೧೯೪೪ನೆಯ ಇಸವಿಯಲ್ಲಿ ಒಂದು ಸಂಘವನ್ನು ಕಟ್ಟಿ, ತಮಗೆ ‘ವೀಗನ್’ ಎಂಬ ಹೊಸ ಹೆಸರನ್ನು ಇಟ್ಟುಕೊಂಡರು. ಆ ಹೆಸರು ಈಗ ಕನ್ನಡದ ಪತ್ರಿಕೆಗಳಲ್ಲಿಯೂ ಅಂಗಡಿಯ ಪೊಟ್ಟಣಗಳ ಮೇಲೆಯೂ ಕಾಣಬರುತ್ತಿದೆ.

ಹೆಸರು ಹೊಸದಾದರೂ ವಿಷಯವು ಹೊಸದಲ್ಲ. ಹಾಲನ್ನು ಬಿಟ್ಟವರು, ಜೇನನ್ನು ಬಿಟ್ಟವರು ಹಿಂದೆಯೂ ಇದ್ದರು. ಆದರೆ ಬಿಟ್ಟವರೆಲ್ಲರೂ ಒಂದೇ ಕಾರಣದಿಂದ ಬಿಡಲಿಲ್ಲ. ಈ ವ್ರತವನ್ನು ಯಾರು ಯಾವ ಉದ್ದೇಶದಿಂದ ಆರಂಭಿಸಿದರು, ಆರಂಭಿಸಿದವರು ಎಲ್ಲಿ ಎಡವಿದರು, ಎಡವಿದುದಕ್ಕೆ ಕಾರಣವು ಪದಾರ್ಥದಲ್ಲಿತ್ತೋ ಸಂಕಲ್ಪದಲ್ಲಿತ್ತೋ ಎಂಬುದೇ ಪ್ರಕೃತ ವಿಚಾರವಾಗಿರುತ್ತದೆ.

೧. ಧರ್ಮಶಾಸ್ತ್ರದಲ್ಲಿ ಕ್ಷೀರ

ವೈದಿಕಸಂಪ್ರದಾಯದಲ್ಲಿ ಹಾಲಿಗೆ ಇರುವ ಸ್ಥಾನವು ಎಲ್ಲರಿಗೂ ವಿದಿತವಾದುದೇ. ಆಜ್ಯವಿಲ್ಲದೆ ಹೋಮವಿಲ್ಲ, ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು ಈ ನಾಲ್ಕೂ ಪ್ರಾಣಿಗಳಿಂದಲೇ ಬಂದುವು, ಐದನೆಯದಾದ ಸಕ್ಕರೆ ಮಾತ್ರ ಸಸ್ಯದಿಂದ ಬಂದುದು. ಭಾಗವತದ ಎಂಟನೆಯ ಸ್ಕಂಧದಲ್ಲಿ ಅದಿತಿಯು ಆಚರಿಸಿದ ಪಯೋವ್ರತದ ಪ್ರಸಂಗವಿದೆ. ಅಲ್ಲಿ ಹಾಲು ತ್ಯಾಜ್ಯವಲ್ಲ, ಹಾಲೊಂದೇ ಗ್ರಾಹ್ಯ. ಉಳಿದುದೆಲ್ಲವನ್ನೂ ಬಿಟ್ಟವನಿಗೂ ಉಳಿಯುವ ಆಹಾರವೆಂದರೆ ಹಾಲು ಎಂಬ ಭಾವನೆಯೇ ಆ ವ್ರತದ ಬುಡದಲ್ಲಿರುವುದು.

ಹೀಗಿದ್ದರೂ ಎಲ್ಲ ಹಾಲನ್ನೂ ಎಲ್ಲ ಕಾಲದಲ್ಲಿಯೂ ಕುಡಿಯಬಹುದೆಂದು ಧರ್ಮಶಾಸ್ತ್ರವು ಅನುಮತಿ ಕೊಟ್ಟಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಅಭಕ್ಷ್ಯಗಳ ಪಟ್ಟಿಯೊಳಗೆ ಹತ್ತು ದಿನ ತುಂಬದ ಬಾಣಂತಿ ಹಸುವಿನ ಹಾಲು, ಒಂಟೆಯ ಹಾಲು, ಒಂಟಿಗೊರಸಿನ ಪ್ರಾಣಿಗಳ ಹಾಲು, ಕುರಿಯ ಹಾಲು, ಸಂಧಿನಿಯೆಂಬ ಹಸುವಿನ ಹಾಲು, ಕರುವಿಲ್ಲದ ಹಸುವಿನ ಹಾಲು ಇವುಗಳೂ ಸೇರಿವೆ. ಗೌತಮಧರ್ಮಸೂತ್ರದಲ್ಲಿಯೂ ಇಂತಹುದೇ ನಿಷೇಧವಿದೆ. ಇವೆಲ್ಲವೂ ಶೌಚಾಶೌಚವಿಚಾರದಲ್ಲಿ ಬಂದಿರುವ ನಿಯಮಗಳು. ಆದುದರಿಂದ ಇವುಗಳನ್ನು ಕೇವಲ ದಯಾಮೂಲಕವೆಂದು ಹೇಳುವುದು ಸಾಹಸವಾದೀತು. ಆದರೂ ಪಟ್ಟಿಯ ಮೊದಲನೆಯ ಮತ್ತು ಕೊನೆಯ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಹಸುವಿನ ಕೆಚ್ಚಲಿಗೂ ಕರುವಿನ ಬಾಯಿಗೂ ಇರುವ ಸಂಬಂಧವನ್ನು ಶಾಸ್ತ್ರಕಾರರು ಮರೆತಿರಲಿಲ್ಲವೆಂಬುದು ತಿಳಿದುಬರುತ್ತದೆ.

ಇನ್ನೊಂದು ಆಚಾರವು ಕರ್ಣಾಟಕದ ಮಾಧ್ವರ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಆಷಾಢ ಶುಕ್ಲ ಏಕಾದಶಿಯಿಂದ ತೊಡಗಿ ಕಾರ್ತಿಕ ಮಾಸದವರೆಗೆ ನಡೆಯುವ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ನಾಲ್ಕು ವ್ರತಗಳಿವೆ. ಮೊದಲನೆಯ ತಿಂಗಳು ಶಾಕವ್ರತ. ಆಗ ಕಾಯಿಪಲ್ಯಗಳನ್ನು ಬಿಡುವರು. ಎರಡನೆಯದು ದಧಿವ್ರತ, ಆಗ ಮೊಸರನ್ನು ಬಿಡುವರು. ಭಾದ್ರಪದದಿಂದ ಆಶ್ವಯುಜದವರೆಗಿನ ಮೂರನೆಯದು ಕ್ಷೀರವ್ರತ; ಆಗ ಹಾಲನ್ನು ಬಿಡುವರು. ನಾಲ್ಕನೆಯದು ದ್ವಿದಳವ್ರತ, ಆಗ ಬೇಳೆಕಾಳುಗಳನ್ನು ಬಿಡುವರು. ಹಾಲು ಬಿಟ್ಟ ತಿಂಗಳಿನಲ್ಲಿ ಮೊಸರು ಮರಳಿ ಬರುತ್ತದೆ. ಹಾಲು ಮರಳಿ ಬಂದಾಗ ಬೇಳೆ ಹೋಗುತ್ತದೆ. ಇಲ್ಲಿ ಪದಾರ್ಥವು ದೋಷಯುಕ್ತವೆಂದು ಬಿಡುವುದಲ್ಲ. ಪ್ರಿಯವಾದುದನ್ನು ಬಿಡಬಲ್ಲೆನೆಂಬ ಶಕ್ತಿಯನ್ನು ಬೆಳಸಿಕೊಳ್ಳುವುದಕ್ಕಾಗಿ ಬಿಡುವುದು. ಆದುದರಿಂದ ಕ್ಷೀರವ್ರತವು ಹೊರಗಿನಿಂದ ನೋಡುವವರಿಗೆ ವೀಗನ್ ನಿಯಮದಂತೆ ಕಂಡರೂ ಅದರ ಹೃದಯವು ಬೇರೆ. ಆದರೆ ಒಂದು ವಿಷಯದಲ್ಲಿ ಅದು ಗಮನಾರ್ಹವಾಗಿದೆ. ಎಲ್ಲವನ್ನೂ ಒಮ್ಮೆಗೇ ಬಿಡದೆ ಒಂದೊಂದನ್ನು ಒಂದು ನಿಶ್ಚಿತಾವಧಿಗೆ ಬಿಟ್ಟು ಅಭ್ಯಾಸಮಾಡುವ ಕ್ರಮವು, ತ್ಯಾಗವನ್ನು ಆರಂಭಿಸುವವನ ಬಲಾಬಲವನ್ನು ಬಲ್ಲವರು ಕಟ್ಟಿದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ.

೨. ಮಧುತ್ಯಾಗವೂ ರಸಪರಿತ್ಯಾಗವೂ

ಜೈನರ ಆಚಾರಗ್ರಂಥಗಳಿಗೆ ಬಂದರೆ ಈ ವಿಚಾರವು ಇನ್ನಷ್ಟು ಖಚಿತವಾಗುತ್ತದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಎಂಟು ಮೂಲಗುಣಗಳೆಂದರೆ ಐದು ಅಣುವ್ರತಗಳೂ ಮದ್ಯ, ಮಾಂಸ, ಮಧುಗಳ ತ್ಯಾಗವೂ ಎಂದು ಹೇಳಲ್ಪಟ್ಟಿದೆ. ಸೋಮದೇವಸೂರಿಯು ತನ್ನ ಯಶಸ್ತಿಲಕದ ಉಪಾಸಕಾಧ್ಯಯನಭಾಗದಲ್ಲಿ ಅಣುವ್ರತಗಳ ಸ್ಥಾನದಲ್ಲಿ ಐದು ಬಗೆಯ ಉದುಂಬರಫಲಗಳ ತ್ಯಾಗವನ್ನು ಇಟ್ಟಿರುವನು. ಅತ್ತಿ, ಆಲ, ಅರಳಿ ಮುಂತಾದುವುಗಳ ಹಣ್ಣಿನೊಳಗೆ ಸೂಕ್ಷ್ಮಜೀವಿಗಳಿರುವುದರಿಂದ ಅವು ವರ್ಜ್ಯ. ಜೇನನ್ನು ತೆಗೆಯುವಾಗ ಅಸಂಖ್ಯಾತವಾದ ಹುಳುಗಳು ಸಾಯುವುದರಿಂದ ಅದೂ ವರ್ಜ್ಯ. ಎರಡು ಪಟ್ಟಿಗಳಲ್ಲಿಯೂ ಮಧುತ್ಯಾಗವು ಉಳಿದಿದೆಯೆಂಬುದನ್ನು ಲಕ್ಷಿಸಬೇಕು. ತಿನ್ನುವ ಪದಾರ್ಥವು ಮಾಂಸವಲ್ಲದಿದ್ದರೂ ಅದನ್ನು ಪಡೆಯುವ ಕ್ರಮದಲ್ಲಿ ಹಿಂಸೆಯಿದ್ದರೆ ಪದಾರ್ಥವೂ ತ್ಯಾಜ್ಯವೆಂಬ ನ್ಯಾಯವು ಇಲ್ಲಿ ಸ್ಫುಟವಾಗಿ ಅಂಗೀಕೃತವಾಗಿದೆ.

ಇದೇ ಜೈನರು ಹಾಲನ್ನೂ ಬಿಡುವುದುಂಟು; ಆದರೆ ಅದು ಬೇರೆಯ ಪ್ರಕರಣದಲ್ಲಿ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯತಪಸ್ಸುಗಳು ಆರು ವಿಧವಾಗಿ ಎಣಿಸಲ್ಪಟ್ಟಿವೆ. ಅವುಗಳಲ್ಲಿ ರಸಪರಿತ್ಯಾಗವೊಂದು. ದಿಗಂಬರಸಂಪ್ರದಾಯದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವು ಆರು ರಸಗಳು. ಇವುಗಳಲ್ಲಿ ಒಂದನ್ನೋ ಹಲವನ್ನೋ ಎಲ್ಲವನ್ನೋ ಬಿಡುವುದು ಜಿಹ್ವಾನಿಗ್ರಹಕ್ಕೆ ಸಾಧನ. ಉಪ್ಪಿನ ಜತೆಗೆ ಹಾಲನ್ನು ಎಣಿಸಿರುವುದರಿಂದಲೇ ಇಲ್ಲಿ ಹಸುವಿನ ಮಾತಿಲ್ಲವೆಂಬುದು ವಿಶದವಾಗುತ್ತದೆ.

ಹೀಗೆ ಒಂದೇ ಮತದೊಳಗೆ ಎರಡು ಪ್ರವಾಹಗಳು ಪಕ್ಕಪಕ್ಕದಲ್ಲಿ ಹರಿದಿವೆ. ಜೇನನ್ನು ಬಿಟ್ಟುದು ಪರಪ್ರಾಣಕ್ಕಾಗಿ. ಹಾಲನ್ನು ಬಿಟ್ಟುದು ಆತ್ಮಸಂಯಮಕ್ಕಾಗಿ. ಒಂದು ಅಹಿಂಸೆ, ಇನ್ನೊಂದು ತಪಸ್ಸು. ಜೇನಿಗೆ ಅನ್ವಯಿಸಿದ ನ್ಯಾಯವನ್ನು ಹಾಲಿಗೂ ಅನ್ವಯಿಸಿದರೆ ಏನಾಗುತ್ತದೆಂಬ ಪ್ರಶ್ನೆಯು ಬಹುಕಾಲ ಹಾಗೆಯೇ ನಿಂತಿತ್ತು.

೩. ಹಿಟ್ಟಿನ ಕೋಳಿ

ಸಂಕಲ್ಪದ ವಿಚಾರದಲ್ಲಿ ಕನ್ನಡಿಗರಿಗೆ ಅತಿಪರಿಚಿತವಾದ ಒಂದು ದೃಷ್ಟಾಂತವಿದೆ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ಮನೆತನದ ಆಶ್ರಯದಲ್ಲಿ, ಗಂಗಧಾರವೆಂಬಲ್ಲಿ, ಶಕ ೮೮೧ರಲ್ಲಿ, ಎಂದರೆ ಕ್ರಿ. ಶ. ೯೫೯ರಲ್ಲಿ ಸೋಮದೇವನು ಮುಗಿಸಿದ ಯಶಸ್ತಿಲಕಕ್ಕೂ, ಕ್ರಿ. ಶ. ೧೨೦೯ರಲ್ಲಿ ಜನ್ನನು ಬರೆದ ಯಶೋಧರಚರಿತೆಗೂ ಕಥಾವಸ್ತು ಒಂದೇ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿಯು ಒತ್ತಾಯಪಡಿಸಲು, ಜೀವಹಿಂಸೆಗೆ ಒಪ್ಪದ ಯಶೋಧರನು ಕೊನೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುತ್ತಾನೆ. ರಕ್ತವು ಬೀಳಲಿಲ್ಲ, ಪ್ರಾಣವು ಹೋಗಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ಆ ಪಾಪಕ್ಕಾಗಿ ಹಲವು ಪಶುಪಕ್ಷಿಗಳ ಜನ್ಮಗಳನ್ನು ತಾಳಬೇಕಾಗುತ್ತದೆ.

ಈ ಕಥೆಯ ತಾತ್ಪರ್ಯವು ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದು. ಯಶೋಧರನು ಅಹಿಂಸೆಯ ಅಕ್ಷರವನ್ನು ಉಳಿಸಿಕೊಂಡನು; ಅದರ ಅರ್ಥವನ್ನು ಕಳೆದುಕೊಂಡನು. ವ್ರತವು ನಿಂತಿರುವುದು ಕೈಯಲ್ಲಿ ಹಿಡಿದ ವಸ್ತುವಿನಲ್ಲಲ್ಲ, ಮನಸ್ಸಿನಲ್ಲಿ ಹಿಡಿದ ಉದ್ದೇಶದಲ್ಲಿ ಎಂಬ ಈ ನಿರ್ಣಯವನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಏಳು ಶತಮಾನಗಳ ಅನಂತರ ಇನ್ನೊಬ್ಬರ ಜೀವನದಲ್ಲಿ ಇದೇ ಪ್ರಶ್ನೆಯು ಹಾಲಿನ ಬಟ್ಟಲಿನ ರೂಪದಲ್ಲಿ ಎದುರಾಯಿತು.

೪. ಪರದೇಶಗಳಲ್ಲಿ ನಡೆದ ಪ್ರಯತ್ನಗಳು

ಜೇನಿನ ನ್ಯಾಯವನ್ನು ಹಾಲಿಗೂ ಅನ್ವಯಿಸಿದ ಪುರಾತನರಲ್ಲಿ ಸಿರಿಯಾದೇಶದ ಅರಬ್ಬೀ ಕವಿ ಅಬುಲ್ ಅಲಾ ಅಲ್ ಮಅರ್‍ರಿಯ ಹೆಸರು ಮುಖ್ಯವಾದುದು. ಈತನು ಕ್ರಿ. ಶ. ೯೭೩ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಸಿಡುಬಿನಿಂದ ಕಣ್ಣುಗಳನ್ನು ಕಳೆದುಕೊಂಡು, ಬಾಗ್ದಾದಿಗೆ ಹೋಗಿ ಬಂದಮೇಲೆ ತನ್ನೂರಿನಲ್ಲಿಯೇ ವಿರಕ್ತನಾಗಿ ಬಾಳಿದನು. ಹಾಲು ಮರಿಗಳಿಗೆ ಮೀಸಲಾದುದು, ಮೊಟ್ಟೆಯನ್ನು ತೆಗೆದುಕೊಳ್ಳುವುದು ಹಕ್ಕಿಗೆ ಮಾಡುವ ಅನ್ಯಾಯ, ಜೇನು ಹುಳುಗಳು ತಮಗಾಗಿ ಕೂಡಿಟ್ಟುದು ಎಂಬ ಅಭಿಪ್ರಾಯವನ್ನು ಆತನು ತನ್ನ ಪದ್ಯದಲ್ಲಿ ಪ್ರಕಟಿಸಿರುವನು. ಈಜಿಪ್ಟಿನ ಫಾತಿಮೀ ರಾಜ್ಯದ ಮುಖ್ಯಧರ್ಮೋಪದೇಶಕನು ಇದಕ್ಕೆ ಕಾರಣವನ್ನು ಕೇಳಿ ಪತ್ರಗಳನ್ನು ಬರೆಯಲು, ಕವಿಯು ಪ್ರಾಣಿಗಳ ನೋವಿನ ವಿಷಯವನ್ನು ಪ್ರಸ್ತಾಪಿಸಿದುದಲ್ಲದೆ ತನ್ನ ಬಡತನವನ್ನೂ ಒಂದು ಕಾರಣವಾಗಿ ಹೇಳಿದನು. ಆತನು ಸಂಘವನ್ನು ಕಟ್ಟಲಿಲ್ಲ, ಶಿಷ್ಯರಿಗೆ ವಿಧಿಸಲಿಲ್ಲ. ಆತನ ವ್ರತವು ಆತನೊಡನೆಯೇ ಮುಗಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹ್ಯಾಮ್ ಎಂಬ ಊರಿನಲ್ಲಿ ಜೇಮ್ಸ್ ಪಿಯರ್‌ಪಾಂಟ್ ಗ್ರೀವ್ಸ್ ಎಂಬವನ ಪ್ರೇರಣೆಯಿಂದ ೧೮೩೮ರಲ್ಲಿ ‘ಆಲ್ಕಟ್ ಹೌಸ್’ ಎಂಬ ಪಾಠಶಾಲೆಯು ಆರಂಭವಾಯಿತು. ಅಲ್ಲಿಯವರ ಆಹಾರವು ಧಾನ್ಯ, ಹಣ್ಣು, ತರಕಾರಿಗಳಿಗೆ ಸೀಮಿತವಾಗಿತ್ತು. ‘ವೆಜಿಟೇರಿಯನ್’ ಎಂಬ ಶಬ್ದವು ಸುಮಾರು ೧೮೪೨ರಲ್ಲಿ ಮೊದಮೊದಲು ಕಾಣಿಸಿಕೊಂಡುದು ಈ ವಲಯದ ಬರವಣಿಗೆಗಳಲ್ಲಿಯೇ. ಆ ಪಾಠಶಾಲೆಗೆ ತನ್ನ ಹೆಸರು ಇಡಲ್ಪಟ್ಟುದನ್ನು ಕಂಡು ೧೮೪೨ರಲ್ಲಿ ಅಮೆರಿಕದಿಂದ ಬಂದ ಬ್ರಾನ್ಸನ್ ಆಲ್ಕಟ್ಟನು ಅಲ್ಲಿಯ ಚಾರ್ಲ್ಸ್ ಲೇನನನ್ನು ಜತೆಯಲ್ಲಿ ಕರೆದುಕೊಂಡು ಹೋಗಿ, ಮಸಾಚುಸೆಟ್ಸ್ ಪ್ರಾಂತದಲ್ಲಿ ೧೮೪೩ರ ಜೂನಿನಲ್ಲಿ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಆಶ್ರಮವನ್ನು ಹೂಡಿದನು. ಅಲ್ಲಿ ಹಾಲು, ಬೆಣ್ಣೆ, ಮೊಟ್ಟೆಗಳಿಗೆ ಪ್ರವೇಶವಿರಲಿಲ್ಲ. ಉಣ್ಣೆಯನ್ನು ಕುರಿಯ ಸಲುವಾಗಿಯೂ, ಹತ್ತಿಯನ್ನು ಅದನ್ನು ಬೆಳೆಯುತ್ತಿದ್ದ ಗುಲಾಮರ ಸಲುವಾಗಿಯೂ ಬಿಟ್ಟು, ನಾರುಬಟ್ಟೆಯನ್ನು ಉಟ್ಟರು. ಆದರೆ ಬಿತ್ತನೆಯು ತಡವಾಯಿತು. ಬೆಳೆಯು ಸಾಲದೆ ಹೋಯಿತು. ಸಂಸಾರವನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬುದರಲ್ಲಿ ಮುಖ್ಯಸ್ಥರಿಗೇ ಒಮ್ಮತವಿರಲಿಲ್ಲ. ೧೮೪೪ರ ಜನವರಿಯೊಳಗೆ ಆಶ್ರಮವು ಮುಚ್ಚಿಹೋಯಿತು. ಸಂಕಲ್ಪವು ದೊಡ್ಡದಾಗಿತ್ತು, ಉಗ್ರಾಣವು ಬರಿದಾಗಿತ್ತು.

೧೮೪೭ರ ಸೆಪ್ಟೆಂಬರಿನಲ್ಲಿ ರ್‍ಯಾಮ್ಸ್‌ಗೇಟಿನಲ್ಲಿ ‘ವೆಜಿಟೇರಿಯನ್ ಸೊಸೈಟಿ’ ಸ್ಥಾಪಿತವಾದಾಗ ಹಾಲುಮೊಟ್ಟೆಗಳಿಗೆ ನಿಷೇಧವನ್ನು ಹಾಕಲಿಲ್ಲ. ಹೀಗೆ ಶುದ್ಧಸಸ್ಯಾಹಾರಿಗಳ ವಲಯದಲ್ಲಿ ಹುಟ್ಟಿದ ಶಬ್ದವು ಹಾಲು ಕುಡಿಯುವವರಿಗೂ ಸಂದಿತು. ಶಾಕಶಬ್ದಕ್ಕೆ ಇಲ್ಲಿ ಆದ ಅರ್ಥವಿಸ್ತಾರವೇ ವೆಜಿಟೇರಿಯನ್ ಶಬ್ದಕ್ಕೆ ಅಲ್ಲಿಯೂ ಆಯಿತು.

೫. ಗಾಂಧಿಯವರ ವ್ರತ

ಈ ಎರಡು ದೇಶಗಳ ಎರಡು ಪ್ರವಾಹಗಳು ಒಂದೇ ಜೀವನದಲ್ಲಿ ಕೂಡಿದುದು ಮೋಹನದಾಸ ಗಾಂಧಿಯವರಲ್ಲಿ. ೧೮೮೮ರಲ್ಲಿ ವಿಲಾಯತಿಗೆ ಹೊರಡುವುದಕ್ಕೆ ಮೊದಲು ಅವರು ಜೈನಸಾಧುಗಳಾದ ಬೇಚರಜೀ ಸ್ವಾಮಿಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟರು. ಲಂಡನ್ನಿನ ಸಸ್ಯಾಹಾರಿಗಳ ನಡುವೆ ಸೇರಿದಮೇಲೆ, ಮಾಂಸವೆಂದರೆ ಏನು ಎಂಬುದಕ್ಕೆ ಮೂರು ಲಕ್ಷಣಗಳು ಅವರ ಗಮನಕ್ಕೆ ಬಂದುವು. ಮೊದಲನೆಯದರಂತೆ ಪಶುಪಕ್ಷಿಗಳ ದೇಹಖಂಡ ಮಾತ್ರ ಮಾಂಸ. ಎರಡನೆಯದರಂತೆ ಮೀನೂ ಸೇರಿ ಎಲ್ಲ ಪ್ರಾಣಿಗಳ ದೇಹಖಂಡವೂ ಮಾಂಸ. ಮೂರನೆಯದರಂತೆ ಪ್ರಾಣಿಗಳಿಂದ ಹುಟ್ಟುವ ಮೊಟ್ಟೆಹಾಲುಗಳೂ ಅದರಲ್ಲಿ ಅಡಕವಾಗಿವೆ. ವೀಗನ್ ಸಂಘವು ಹುಟ್ಟುವುದಕ್ಕೆ ಅರ್ಧಶತಮಾನದ ಹಿಂದೆಯೇ ಅದರ ಆಹಾರಲಕ್ಷಣವು ಹೀಗೆ ಅವರ ಕಣ್ಣಮುಂದೆ ಇತ್ತು.

ಮೊದಲ ಲಕ್ಷಣವನ್ನು ನೆಚ್ಚಿ ಅವರು ಸ್ವಲ್ಪ ಕಾಲ ಮೊಟ್ಟೆಯನ್ನು ತಿಂದರು. ಬಳಿಕ, ವ್ರತದ ಮಾತಿಗೆ ಅರ್ಥಮಾಡಬೇಕಾದುದು ಅದನ್ನು ಕೊಡಿಸಿದವರ ಅಭಿಪ್ರಾಯದಂತೆ, ತಾಯಿಯ ಅಭಿಪ್ರಾಯದಲ್ಲಿ ಮೊಟ್ಟೆಯೂ ಮಾಂಸವೇ ಎಂದು ನಿಶ್ಚಯಿಸಿ ಬಿಟ್ಟುಬಿಟ್ಟರು. ಶಬ್ದಕ್ಕಿಂತ ತಾತ್ಪರ್ಯವೇ ಬಲವತ್ತರವೆಂಬ ನಿರ್ಣಯವನ್ನು ಇಪ್ಪತ್ತರ ಹರೆಯದ ಆ ವಿದ್ಯಾರ್ಥಿಯು ಯಾವ ಮೀಮಾಂಸಕನ ಸಹಾಯವೂ ಇಲ್ಲದೆ ಮಾಡಿಕೊಂಡನು.

ಹಾಲಿನ ತ್ಯಾಗವು ದಕ್ಷಿಣ ಆಫ್ರಿಕದಲ್ಲಿ ನಡೆಯಿತು. ಹಾಲು ಇಂದ್ರಿಯಗಳನ್ನು ಕೆರಳಿಸುವುದೆಂಬ ಅಭಿಪ್ರಾಯವು ಮೊದಲು ಅವರಿಗೆ ರಾಯಚಂದಭಾಯಿಯವರಿಂದ ಬಂದಿತ್ತು; ಇದು ರಸಪರಿತ್ಯಾಗದ ಮಾರ್ಗ. ಅನಂತರ ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯನ್ನೂ, ಕೊನೆಯ ತೊಟ್ಟನ್ನು ಹಿಂಡುವುದಕ್ಕಾಗಿ ನಡೆಸುತ್ತಿದ್ದ ‘ಫೂಕಾ’ ಎಂಬ ಕ್ರೂರಕ್ರಿಯೆಯನ್ನೂ ವಿವರಿಸುವ ಬರಹಗಳು ಅವರ ಕೈಗೆ ಬಂದುವು. ಇದು ಮಧುತ್ಯಾಗದ ಮಾರ್ಗ. (ಆ ಕ್ರಿಯೆಯು ೧೯೬೦ರ ಪ್ರಾಣಿಹಿಂಸಾನಿವಾರಣ ಶಾಸನದಲ್ಲಿ ದಂಡನಾರ್ಹವೆಂದು ನಮೂದಾಗಿದೆ.) ೧೯೧೨ರಲ್ಲಿ ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರೂ ಅವರ ಮಿತ್ರರಾದ ಕಾಲನ್‌ಬಾಕರೂ ಹಾಲನ್ನು ತ್ಯಜಿಸಿದರು. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆಹಣ್ಣು, ಆಲಿವ್ ಎಣ್ಣೆ ಇವೇ ಅವರ ಆಹಾರವಾದುವು. ಸಂಯಮ ಮತ್ತು ಅಹಿಂಸೆ ಎಂಬ ಎರಡು ಕಾರಣಗಳೂ ಒಂದೇ ವ್ರತದಲ್ಲಿ ಸೇರಿದುದಕ್ಕೆ ಇದು ಸ್ಪಷ್ಟವಾದ ನಿದರ್ಶನ.

೧೯೧೪ರಲ್ಲಿ ಲಂಡನ್ನಿನಲ್ಲಿ ಅವರು ಪಾರ್ಶ್ವಶೂಲೆಯಿಂದ ಮಲಗಿದಾಗ ಗೋಖಲೆಯವರು ವೈದ್ಯರ ಮಾತಿನಂತೆ ಹಾಲನ್ನು ತೆಗೆದುಕೊಳ್ಳಬೇಕೆಂದು ಬಹಳ ಒತ್ತಾಯಮಾಡಿದರು. ಗುರುವಿನಂತೆ ಭಾವಿಸಿದ್ದವರ ಆ ಮಾತಿಗೂ ಗಾಂಧಿಯವರು ಮಣಿಯಲಿಲ್ಲ. ೧೯೧೮ರಲ್ಲಿ ಖೇಡಾಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುತ್ತ ತಿರುಗುತ್ತಿದ್ದಾಗ ಆಮಶಂಕೆಯು ತಗುಲಿ ದೇಹವು ಕೃಶವಾಗಿ ಪ್ರಾಣಸಂಕಟಕ್ಕೆ ಬಂದಿತು. ಮುಂಬಯಿಯ ಡಾಕ್ಟರ್ ದಲಾಲರು ಹಾಲಿಲ್ಲದೆ ಶರೀರವನ್ನು ಮತ್ತೆ ಕಟ್ಟುವುದು ಸಾಧ್ಯವಿಲ್ಲವೆಂದರು. ವ್ರತವಿದೆಯೆಂದು ಗಾಂಧಿಯವರು ಹೇಳಲು, ಹಾಸಿಗೆಯ ಬಳಿಯಲ್ಲಿದ್ದ ಕಸ್ತೂರಿಬಾ ಅವರು, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿರಲಾರದಲ್ಲವೇ ಎಂಬ ಅರ್ಥದ ಮಾತನ್ನಾಡಿದರು. ವ್ರತವನ್ನು ಕೈಕೊಂಡಾಗ ಮನಸ್ಸಿನ ಮುಂದಿದ್ದುದು ಹಸು ಮತ್ತು ಎಮ್ಮೆ. ಆಡಿನ ಹೆಸರನ್ನು ಎತ್ತಿರಲಿಲ್ಲ. ಗಾಂಧಿಯವರು ಆಡಿನ ಹಾಲನ್ನು ಕುಡಿದರು.

ಸತ್ಯಾಗ್ರಹವನ್ನು ನಡೆಸುವುದಕ್ಕಾಗಿ ಬದುಕಬೇಕೆಂಬ ಆಸೆಯು ಸತ್ಯನಿಷ್ಠೆಯನ್ನು ಮೀರಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವರು. ವ್ರತದ ಅಕ್ಷರವನ್ನು ಮಾತ್ರ ಉಳಿಸಿಕೊಂಡು ಅದರ ಆತ್ಮವನ್ನು ಕೊಂದಂತಾಯಿತೆಂಬುದೇ ಅವರ ವ್ಯಥೆ. ಲಂಡನ್ನಿನಲ್ಲಿ ತಾಯಿಯ ಮಾತಿಗೆ ಅನ್ವಯಿಸಿದ ನ್ಯಾಯವನ್ನೇ ತಮ್ಮ ಮಾತಿಗೂ ಅನ್ವಯಿಸಿ, ತಾವೇ ತಮಗೆ ವಿರುದ್ಧವಾಗಿ ತೀರ್ಪು ಕೊಟ್ಟುಕೊಂಡರು. ಯಶೋಧರನಿಗೆ ಹಿಟ್ಟಿನ ಕೋಳಿ ಹೇಗೋ ಗಾಂಧಿಯವರಿಗೆ ಆಡಿನ ಹಾಲು ಹಾಗೆ. ಆದರೆ ಯಶೋಧರನಿಗೆ ತನ್ನ ದೋಷವು ಹಲವು ಜನ್ಮಗಳನ್ನು ದಾಟಿದಮೇಲೆ ತಿಳಿಯಿತು. ಇವರು ಅದೇ ಜನ್ಮದಲ್ಲಿ ಅದನ್ನು ತಿಳಿದು, ಲೋಕಕ್ಕೆ ತಿಳಿಯುವಂತೆ ಅಚ್ಚುಹಾಕಿಸಿದರು. ತಮ್ಮ ಮಾತನ್ನು ನಂಬಿ ಹಾಲು ಬಿಟ್ಟವರು, ಅದು ಎಲ್ಲ ವಿಧದಲ್ಲಿಯೂ ಹಿತವಾಗಿದ್ದಲ್ಲದೆ ಅಥವಾ ಅನುಭವಶಾಲಿಗಳಾದ ವೈದ್ಯರ ಸಲಹೆಯಿಲ್ಲದೆ, ಅದನ್ನು ಮುಂದುವರಿಸಬಾರದೆಂಬ ಎಚ್ಚರಿಕೆಯನ್ನೂ ಅದೇ ಪುಸ್ತಕದಲ್ಲಿ ಸೇರಿಸಿದರು.

ಹಾಲನ್ನು ಬಿಡಬೇಕೆಂದಿದ್ದವರು ಹಾಲುಗೈಯುವ ಪ್ರಾಣಿಯನ್ನು ಮಾತ್ರ ಬಿಡಲಿಲ್ಲ. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದಾಗ ಅಲ್ಲಿಯೇ ನಡೆದ ಗೋರಕ್ಷಣ ಪರಿಷತ್ತಿಗೂ ಅವರೇ ಅಧ್ಯಕ್ಷರು. ೧೯೨೭ರಲ್ಲಿ ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದಾಗ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನಗಳ ಪಾಲನಕ್ರಮವನ್ನು ವಿದ್ಯಾರ್ಥಿಯಂತೆ ವಿಚಾರಿಸಿದರು. ತಮ್ಮ ಮಟ್ಟಿಗೆ ತ್ಯಾಜ್ಯವೆಂದು ಎಣಿಸಿದ್ದನ್ನು ಲೋಕವು ಕೂಡಲೆ ಬಿಡಲಾರದೆಂಬುದನ್ನು ಬಲ್ಲವರಾಗಿ, ಬಿಡುವವರೆಗೆ ಹಸುವಿನ ಕಷ್ಟವನ್ನು ತಗ್ಗಿಸುವ ಮಾರ್ಗವನ್ನು ಹುಡುಕಿದರು. ೧೯೪೨ರಲ್ಲಿ ಸೆರೆಯಲ್ಲಿ ಬರೆದ ಆರೋಗ್ಯವಿಷಯಕವಾದ ಪುಸ್ತಕದಲ್ಲಿಯೂ, ಹಾಲು ಪ್ರಾಣಿಜನ್ಯವಾದುದರಿಂದ ಕಟ್ಟುನಿಟ್ಟಾಗಿ ನೋಡಿದರೆ ಸಸ್ಯಾಹಾರದಲ್ಲಿ ಸೇರಲಾರದೆಂದೇ ಅವರ ಅಭಿಪ್ರಾಯ.

೬. ಹೆಸರು ಬಂದ ವರ್ಷ

ಗಾಂಧಿಯವರು ಒಬ್ಬರೇ ನಿಂತು ಎದುರಿಸಿದ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಒಂದು ಸಂಘವು ಎತ್ತಿಕೊಂಡುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಹಾಲುಮೊಟ್ಟೆಗಳಿಲ್ಲದ ಅಡಿಗೆ ಸಾಧ್ಯವೆಂದು ತೋರಿಸುವ ರೂಪರ್ಟ್ ವೆಲ್ಡನ್ ಎಂಬವನ ಪುಸ್ತಕವು ಲಂಡನ್ನಿನಲ್ಲಿ ೧೯೧೦ರಲ್ಲಿಯೇ ಪ್ರಕಟವಾಗಿತ್ತು. ಸಸ್ಯಾಹಾರಿಗಳ ಪತ್ರಿಕೆಯಲ್ಲಿ ಈ ವಿಷಯವಾಗಿ ಚರ್ಚೆಯೂ ನಡೆದಿತ್ತು. ಯಾರ್ಕ್‌ಷೈರಿನಲ್ಲಿ ೧೯೧೦ರಲ್ಲಿ ಹುಟ್ಟಿದ ಡೊನಾಲ್ಡ್ ವಾಟ್ಸನ್ ಎಂಬವನು ಬಾಲ್ಯದಲ್ಲಿ ಬಂಧುಗಳ ಹೊಲಮನೆಯಲ್ಲಿ ಹಂದಿಯನ್ನು ಕೊಲ್ಲುವುದನ್ನು ಕಂಡು, ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಂಸವನ್ನು ಬಿಟ್ಟನು. ಹಾಲನ್ನು ಬಿಟ್ಟುದು ಸುಮಾರು ೧೮ ವರ್ಷಗಳ ಅನಂತರ. ಆತನು ಮರಗೆಲಸವನ್ನು ಕಲಿಸುವ ಉಪಾಧ್ಯಾಯನಾಗಿದ್ದನು.

೧೯೪೪ರಲ್ಲಿ ವಾಟ್ಸನನೂ ಎಲ್ಸಿ ಷ್ರಿಗ್ಲಿ ಎಂಬಾಕೆಯೂ ಹಾಲು ಬಿಟ್ಟವರಿಗಾಗಿ ವೆಜಿಟೇರಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಬೇಡಲು, ಅದು ದೊರೆಯಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಹೋಬರ್ನ್ ಭಾಗದ ಆಟಿಕ್ ಕ್ಲಬ್ಬಿನಲ್ಲಿ ಬೆರಳೆಣಿಕೆಯ ಮಂದಿ ಕೂಡಿ ಬೇರೆ ಸಂಘವನ್ನು ಸ್ಥಾಪಿಸಿದರು. ಮೊದಲ ಪತ್ರಿಕೆಯನ್ನು ವಾಟ್ಸನನೇ ಬೆರಳಚ್ಚು ಮಾಡಿ ಪ್ರತಿಗಳನ್ನು ತೆಗೆದನು. ಬೆಲೆ ಎರಡು ಪೆನ್ನಿ. ಯುದ್ಧಕಾಲದ ಪಡಿತರದಲ್ಲಿ ಮಾಂಸವನ್ನು ಬಿಟ್ಟವರಿಗೆ ಅದರ ಬದಲು ಗಿಣ್ಣವನ್ನು ಹೆಚ್ಚಾಗಿ ಕೊಡುತ್ತಿದ್ದರು; ಗಿಣ್ಣವನ್ನೂ ಬಿಟ್ಟವರಿಗೆ ಆ ಅನುಕೂಲವೂ ನಿಷ್ಪ್ರಯೋಜಕವಾಗಿತ್ತು. ಅಂತಹ ಕಾಲದಲ್ಲಿ ಈ ವ್ರತವನ್ನು ಆರಂಭಿಸಿದರೆಂಬುದು ಗಮನಾರ್ಹ.

ಹೆಸರಿನ ವಿಚಾರವು ವೈಯಾಕರಣರಿಗೆ ರುಚಿಸತಕ್ಕುದು. ‘ವೆಜಿಟೇರಿಯನ್’ ಎಂಬ ಇಂಗ್ಲಿಷ್ ಶಬ್ದದ ಮೊದಲ ಮೂರು ಅಕ್ಷರಗಳನ್ನೂ ಕೊನೆಯ ಎರಡು ಅಕ್ಷರಗಳನ್ನೂ ಕೂಡಿಸಿ ‘ವೀಗನ್’ ಎಂಬುದನ್ನು ಮಾಡಿದರು. ಸಸ್ಯಾಹಾರತತ್ತ್ವದ ಆದಿಯೂ ಅಂತ್ಯವೂ ಇದೇ ಎಂಬುದು ವಾಟ್ಸನನ ವಿವರಣೆ. ಆದಿವರ್ಣವನ್ನು ಅಂತ್ಯದೊಡನೆ ಹಿಡಿದು ಸಂಜ್ಞೆಯನ್ನು ಮಾಡುವ ಪಾಣಿನಿಯ ಪ್ರತ್ಯಾಹಾರಕ್ರಮವು ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ಭೇದವಿಷ್ಟೆ: ಪಾಣಿನಿಯ ಪ್ರತ್ಯಾಹಾರದಲ್ಲಿ ನಡುವಿನ ವರ್ಣಗಳೆಲ್ಲವೂ ಗ್ರಾಹ್ಯ, ವಾಟ್ಸನನ ಸಂಜ್ಞೆಯಲ್ಲಿ ನಡುವಿನವು ತ್ಯಾಜ್ಯ. ಆದಿಗೂ ಅಂತ್ಯಕ್ಕೂ ನಡುವೆ ಸೇರಿಕೊಂಡಿದ್ದ ಹಾಲುಮೊಟ್ಟೆಗಳನ್ನೇ ಆ ಸಂಘವು ಬಿಟ್ಟುದು.

ಆರಂಭದಲ್ಲಿ ಇದು ಮುಖ್ಯವಾಗಿ ಆಹಾರನಿಯಮವಾಗಿತ್ತು. ಬಳಿಕ ಲೆಸ್ಲಿ ಕ್ರಾಸ್ ಎಂಬವನು, ಏನನ್ನು ಬಿಡಬೇಕೆಂಬ ಪಟ್ಟಿಯಿದ್ದರೆ ಸಾಲದು, ಏಕೆ ಬಿಡಬೇಕೆಂಬ ತತ್ತ್ವವೂ ಬೇಕೆಂದು ವಾದಿಸಿದನು. ಮನುಷ್ಯನು ಪ್ರಾಣಿಗಳನ್ನು ತನ್ನ ಲಾಭಕ್ಕೆ ದುಡಿಸಿಕೊಳ್ಳದೆ ಬಾಳಬೇಕೆಂಬ ತತ್ತ್ವವು ೧೯೫೧ರಲ್ಲಿ ಸಂಘದ ಲಕ್ಷಣವಾಯಿತು. ೧೯೭೯ರ ಲಕ್ಷಣದಲ್ಲಿ, ಸಾಧ್ಯವಾದಷ್ಟು ಮತ್ತು ಆಚರಣೆಗೆ ತರಬಹುದಾದಷ್ಟು ಮಟ್ಟಿಗೆ ಎಂಬ ವಿಶೇಷಣವೂ ಸೇರಿತು. ಮಹಾವ್ರತಕ್ಕೂ ಅಣುವ್ರತಕ್ಕೂ ಇರುವ ಭೇದವನ್ನು ಬಲ್ಲವರಿಗೆ ಈ ವಿಶೇಷಣದ ಅಗತ್ಯವು ಸುಲಭವಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ೧೯೬೦ರಲ್ಲಿ ವೀಗನ್ ಸಂಘವನ್ನು ಸ್ಥಾಪಿಸಿದ ಜೇ ದಿನ್‌ಷಾ ಎಂಬವನು ಮುಂಬಯಿಯ ಪಾರಸೀ ಮೂಲದ ತಂದೆಯ ಮಗ. ಆತನು ತನ್ನ ಪತ್ರಿಕೆಗೆ ಇಟ್ಟ ಹೆಸರು ‘ಅಹಿಂಸಾ’. ಹೀಗೆ ಹ್ಯಾಮಿನ ಪಾಠಶಾಲೆಯಿಂದ ಹೊರಟ ಮಾರ್ಗವೂ ಉಪಾಸಕಾಧ್ಯಯನದ ಮಾರ್ಗವೂ ಒಂದು ಶಬ್ದದಲ್ಲಿ ಸಂಧಿಸಿದುವು.

೭. ಉಪಸಂಹಾರ

ಈ ಚರಿತ್ರೆಯಿಂದ, ವ್ರತವನ್ನು ಹೊಸದಾಗಿ ಕೈಕೊಳ್ಳುವವನಿಗೆ ಉಪಯುಕ್ತವಾದ ಮೂರು ಅಂಶಗಳು ಹೊರಡುತ್ತವೆ.

ಮೊದಲನೆಯದು ಕ್ರಮ. ವಾಟ್ಸನನಿಗೆ ಮಾಂಸದಿಂದ ಹಾಲಿನವರೆಗೆ ಬರಲು ೧೮ ವರ್ಷಗಳು ಹಿಡಿದುವು; ಚಾತುರ್ಮಾಸ್ಯದ ಕ್ರಮವು ತಿಂಗಳಿಗೊಂದು ಪದಾರ್ಥದಂತೆ ಅಭ್ಯಾಸವನ್ನು ವಿಧಿಸುತ್ತದೆ. ಒಮ್ಮೆಗೇ ಎಲ್ಲವನ್ನೂ ಬಿಟ್ಟ ಫ್ರೂಟ್‌ಲ್ಯಾಂಡ್ಸ್ ಏಳು ತಿಂಗಳಲ್ಲಿ ಮುಗಿಯಿತು.

ಎರಡನೆಯದು ದೇಹರಕ್ಷಣೆ. ೧೯೪೮ರಲ್ಲಿ ಬಿ೧೨ ಎಂಬ ಜೀವಸತ್ವವು ಪ್ರತ್ಯೇಕಿಸಲ್ಪಟ್ಟಮೇಲೆ, ಅದು ಸಸ್ಯಾಹಾರದಿಂದ ವಿಶ್ವಾಸಾರ್ಹವಾಗಿ ದೊರೆಯಲಾರದೆಂಬುದು ನಿಶ್ಚಿತವಾಗಿದೆ. ಹಾಲನ್ನೂ ಬಿಟ್ಟವನು ಅದನ್ನು ಔಷಧರೂಪದಲ್ಲಿಯಾಗಲಿ, ಅದನ್ನು ಸೇರಿಸಿ ತಯಾರಿಸಿದ ಆಹಾರದಿಂದಾಗಲಿ ಪಡೆಯಲೇಬೇಕು. ಉಳಿದುದಕ್ಕೆ ಕನ್ನಡ ನಾಡಿನ ಅಡಿಗೆಮನೆಯು ಬಡವಾದುದಲ್ಲ. ಸುಣ್ಣದ ಅಂಶಕ್ಕೆ ರಾಗಿ ಮತ್ತು ಎಳ್ಳು, ಮಾಂಸಪೋಷಕಕ್ಕೆ ಹುರುಳಿ, ಅವರೆ, ತೊಗರಿ, ಕಡಲೆಕಾಯಿ, ಪಾಯಸಕ್ಕೆ ತೆಂಗಿನ ಹಾಲು ಇವು ಇಲ್ಲಿ ಹಿಂದಿನಿಂದಲೂ ಇವೆ. ಮುದ್ದೆ ಮತ್ತು ಸೊಪ್ಪಿನ ಸಾರಿನ ಊಟಕ್ಕೆ ತುಪ್ಪವೊಂದನ್ನು ಬಿಟ್ಟರೆ ಹೊಸ ಹೆಸರಿನ ನಿಯಮವೂ ಪೂರ್ತಿಯಾಗುತ್ತದೆ. ಕೊಳ್ಳುವ ಪದಾರ್ಥಗಳ ವಿಷಯದಲ್ಲಿಯಾದರೋ, ೨೦೨೨ರಲ್ಲಿ ಭಾರತದ ಆಹಾರಸುರಕ್ಷಾ ಪ್ರಾಧಿಕಾರವು ವೀಗನ್ ಆಹಾರಗಳಿಗೆ ಪ್ರತ್ಯೇಕವಾದ ನಿಯಮಗಳನ್ನೂ ಚಿಹ್ನೆಯನ್ನೂ ಗೊತ್ತುಪಡಿಸಿದೆ. ಶಾಕಾಹಾರವೂ ಇದೂ ಒಂದಲ್ಲವೆಂಬ ಭೇದವು ಹೀಗೆ ಶಾಸನದಲ್ಲಿಯೂ ನೆಲೆಗೊಂಡಿತು.

ಮೂರನೆಯದೂ ಮುಖ್ಯವಾದುದೂ ಸಂಕಲ್ಪದ ಸ್ಪಷ್ಟತೆ. ಹಾಲನ್ನು ಬಿಡುವವನು ನಾಲಗೆಯನ್ನು ಗೆಲ್ಲುವುದಕ್ಕೆ ಬಿಡುತ್ತಿರುವನೋ, ಆರೋಗ್ಯಕ್ಕೆ ಬಿಡುತ್ತಿರುವನೋ, ಕರುವಿಗಾಗಿ ಬಿಡುತ್ತಿರುವನೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಉದ್ದೇಶವು ಮೊದಲನೆಯದಾದರೆ ತಿಂಗಳ ಕೊನೆಯಲ್ಲಿ ಹಾಲು ಮರಳಿ ಬಂದರೂ ವ್ರತಭಂಗವಿಲ್ಲ. ಕೊನೆಯದಾದರೆ ಆಡಿನ ಹಾಲೂ ವ್ರತಭಂಗವೇ. ಕಾಯಿಲೆಯಲ್ಲಿ ಏನು ಮಾಡಬೇಕೆಂಬುದನ್ನೂ ಆರೋಗ್ಯವಾಗಿದ್ದಾಗಲೇ ಯೋಚಿಸಿಟ್ಟಿರಬೇಕು. ಹಾಸಿಗೆಯಲ್ಲಿ ಮಲಗಿದವನಿಗೆ ಅಕ್ಷರವೂ ಅರ್ಥವೂ ಬೇರೆ ಬೇರೆಯಾಗಿ ಕಾಣತೊಡಗುತ್ತವೆಂಬುದಕ್ಕೆ ಮಹಾಪುರುಷರ ಚರಿತ್ರೆಯೇ ಸಾಕ್ಷಿ.

ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವಾಗ ಉಪಕ್ರಮವೂ ಉಪಸಂಹಾರವೂ ಒಂದನ್ನೊಂದು ಒಪ್ಪಬೇಕೆಂದು ಮೀಮಾಂಸಕರ ಮತ. ವ್ರತಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಗಾಂಧಿಯವರು ಕೊನೆಯವರೆಗೂ ಆಡಿನ ಹಾಲನ್ನು ಕುಡಿದರು. ಅದು ತಪ್ಪಲ್ಲವೆಂದು ಮಾತ್ರ ಹೇಳಲಿಲ್ಲ. ಉಪಸಂಹಾರವು ಉಪಕ್ರಮದಿಂದ ಎಷ್ಟು ದೂರ ಸರಿಯಿತೆಂಬುದನ್ನು ಮುಚ್ಚಿಡದೆ ಅಳೆದು ಹೇಳಿದುದರಿಂದಲೇ ಅವರ ಸೋಲು ಮುಂದೆ ಹೊರಡುವವರಿಗೆ ದಾರಿಯ ಗುರುತಾಗಿ ನಿಂತಿದೆ.